ಅಳಿಯನ ಈಜುಕೊಳಕ್ಕೆ ಮಾವನ ಉಪ್ಪಿನ ಲೆಕ್ಕ

ಅಳಿಯಾ, ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರೂ ಕೊಟೇಶನ್ ನೋಡಿದೆ. ಮಿಷನ್ನಿನ ರೇಟು ಇದೆ, ಪಂಪಿನ ಹೆಚ್‌ಪಿ ಇದೆ, ಟೈಲ್ಸಿನ ಬಣ್ಣವೂ ಇದೆ. ನಿಮ್ಮ ಬೋರಿನ ನೀರು ಎಂಥದ್ದು ಎಂದು ಮಾತ್ರ ಮೂವರಲ್ಲಿ ಒಬ್ಬನೂ ಕೇಳಿಲ್ಲ. ಹುಡುಗಿ ಯಾರೆಂದು ಗೊತ್ತಾಗುವ ಮೊದಲೇ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಹಾಗಿದೆ.

ಕುಣಿಗಲ್ ತೋಟದಲ್ಲಿ ಸ್ವಿಮ್ಮಿಂಗ್ ಪೂಲ್ ಯಾಕಪ್ಪಾ ಎಂದು ನಾನು ಕೇಳುವುದಿಲ್ಲ. ಅದನ್ನು ನಮ್ಮಕ್ಕ, ಅಂದರೆ ನಿನ್ನಮ್ಮ, ಕೇಳಿ ಸೋತಿದ್ದಾಳೆ. ಗುಬ್ಬಿಯಲ್ಲಿ ನಾವು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ಆ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಈಗಿನ ಮಕ್ಕಳು ಎಲ್ಲಿ ಕಲಿಯಬೇಕು ಹೇಳು? ಮಾಡಿಸು. ಆದರೆ ಒಂದು ಮಾತು ಮನಸ್ಸಿನಲ್ಲಿರಲಿ. ಹೇಮಾವತಿ ನೀರನ್ನು ಲಿಂಕ್ ಕೆನಾಲಿನಲ್ಲಿ ಕುಣಿಗಲ್ ಕಡೆಗೆ ಒಯ್ಯಬಾರದು ಎಂದು 2025ರ ಮೇ ತಿಂಗಳಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಜನ ಬೀದಿಗಿಳಿದಿದ್ದರು. ಮಾವ ಗುಬ್ಬಿಯವನು, ಅಳಿಯ ಕುಣಿಗಲ್ಲಿನವನು, ಎಲೆ ಮುಂದೆ ಕೂತಾಗ ನಾವು ಆ ವಿಷಯ ಎತ್ತುವುದಿಲ್ಲ. ಸರಿ. ಆದರೂ ನೀರಿಗಾಗಿ ಪಕ್ಕದ ತಾಲ್ಲೂಕಿನವರ ಜೊತೆ ಗುದ್ದಾಡುವ ಸೀಮೆಯಲ್ಲಿ 40,000 ಲೀಟರ್ ನೀರು ನಿಲ್ಲಿಸಿಕೊಳ್ಳುವವನು, ಒಮ್ಮೆ ತುಂಬಿದ್ದನ್ನು ವರ್ಷಗಟ್ಟಲೆ ಚೆಲ್ಲದೆ ಇಟ್ಟುಕೊಳ್ಳುವ ಬಗೆ ತಿಳಿದಿರಬೇಕು. ನಾನು ಹೇಳುವುದೆಲ್ಲ ಆ ಒಂದು ವಿಷಯಕ್ಕೇ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯುತ್ತೇನೆ. ‘ಸಾಲ್ಟ್ ಪೂಲ್ ಹಾಕಿಸ್ತಿದೀನಿ ಮಾವ, ಕ್ಲೋರಿನ್ ಇರಲ್ಲ’ ಎಂದೆಯಲ್ಲ, ಇರುತ್ತೆ ಕಣಯ್ಯಾ. ಅಂಗಡಿಯಿಂದ ತರುವ ಬದಲು ಮನೆಯಲ್ಲೇ ತಯಾರಾಗುತ್ತೆ, ಅಷ್ಟೇ. ಕಾರವಾರದ ಬಿಣಗದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆಯಲ್ಲ, ಅಲ್ಲೂ ಮಾಡುವುದು ಉಪ್ಪುನೀರಿಗೆ ಕರೆಂಟು ಬಿಡುವುದನ್ನೇ. ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್. ನಿನ್ನ ಮಿಷನ್ನು ಅದೇ ಕಾರ್ಖಾನೆಯ ಮೊಮ್ಮಗು. ಪಾರದರ್ಶಕ ಕೊಳವೆಯೊಳಗೆ ಟೈಟಾನಿಯಂ ತಗಡುಗಳು, ಅವುಗಳ ಮೇಲೆ ರುಥೇನಿಯಂ, ಇರಿಡಿಯಂ ಎಂಬ ದುಬಾರಿ ಲೋಹಗಳ ಆಕ್ಸೈಡಿನ ತೆಳು ಲೇಪ. ಆ ಕೊಳವೆಗೆ ‘ಸೆಲ್’ ಎನ್ನುತ್ತಾರೆ. ನೀನು ದುಡ್ಡು ಕೊಡುವುದು ಮುಖ್ಯವಾಗಿ ಆ ಲೇಪಕ್ಕೆ, ಅದು ಸವೆದ ದಿನ ಸೆಲ್ ಸತ್ತಂತೆ. ನೀರಿನಲ್ಲಿ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಸಾಕು. ಸಮುದ್ರದಲ್ಲಿ 35 ಗ್ರಾಂ, ನಮ್ಮ ಕಣ್ಣೀರಿನಲ್ಲೇ ಸುಮಾರು 9. ಆದ್ದರಿಂದ ಬಾಯಿಗೆ ಹೋದರೂ ಅಂಥ ಉಪ್ಪೆನಿಸದು, ಕಣ್ಣೂ ಉರಿಯದು.

ಊರಿಗೆ ನೀರು ಬಿಡುವ ಕೆಲಸದಲ್ಲಿ ಮೂವತ್ತು ವರ್ಷ ಬ್ಲೀಚಿಂಗ್ ಪೌಡರ್ ಕುಡಿದವನು ನಾನು. ಹಾಗಿದ್ದೂ ನಿನಗೆ ಉಪ್ಪಿನ ಮಿಷನ್ನೇ ಸರಿ ಎನ್ನುತ್ತೇನೆ. ಕಾರಣ ಕೇಳು. ಬ್ಲೀಚಿಂಗ್ ಪೌಡರಿನಲ್ಲಿ ಸುಣ್ಣ ಇರುತ್ತೆ. ನಮ್ಮದು ಕಲ್ಲುಬಂಡೆ ಬಿರುಕಿನಿಂದ ಬರುವ ನೀರು, ಮೊದಲೇ ಗಡಸು. ಅಕ್ಕನ ಗೀಸರಿನ ಕಾಯಿಲ್ ಬಿಚ್ಚಿ ನೋಡಿದರೆ ನಿನಗೇ ತಿಳಿಯುತ್ತೆ. ಅದಕ್ಕೆ ದಿನಾ ಇನ್ನಷ್ಟು ಸುಣ್ಣ ಸುರಿದರೆ ಎರಡು ವರ್ಷದಲ್ಲಿ ಟೈಲ್ಸಿನ ಅಂಚಿಗೆ ಬಿಳಿ ಪಟ್ಟಿ ಕೂರುತ್ತೆ. ಇನ್ನು ಬಿಲ್ಲೆಗಳು ಬರುತ್ತವಲ್ಲ, ತೇಲುವ ಡಬ್ಬಿಯಲ್ಲಿಟ್ಟು ಬಿಡುವಂಥವು, ಅವು ಕರಗಿದಂತೆ ಕ್ಲೋರಿನ್ನಿನ ಜೊತೆ ಸಯನ್ಯೂರಿಕ್ ಆಸಿಡ್ಡನ್ನೂ ಬಿಡುತ್ತವೆ. ಅದು ಆವಿಯಾಗುವುದಿಲ್ಲ, ಶೇಖರವಾಗುತ್ತಾ ಹೋಗುತ್ತೆ, ಒಂದು ಮಟ್ಟ ದಾಟಿದ ಮೇಲೆ ಕ್ಲೋರಿನ್ ಇದ್ದೂ ಕೆಲಸ ಮಾಡದು. ಆಗ ಇರುವ ದಾರಿ ಒಂದೇ, ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬುವುದು. ಉಪ್ಪಿನ ಮಿಷನ್ನು ಸುಣ್ಣವನ್ನೂ ಸೇರಿಸದು, ಆ ಆಸಿಡ್ಡನ್ನೂ ಸೇರಿಸದು. ಉಪ್ಪಿನಿಂದ ಹುಟ್ಟಿದ ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪೇ ಆಗುತ್ತೆ. ನೀರು ಚೆಲ್ಲುವ ಪ್ರಸಂಗ ಕಡಿಮೆ. ನಮ್ಮ ಸೀಮೆಗೆ ಅದರ ಗುಣ ಇದೇ ಕಣಪ್ಪ, ಉಳಿದದ್ದೆಲ್ಲ ಸೇಲ್ಸಿನವರ ಮಾತು.

ಇನ್ನು ನೀರು. ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದಿಡು, ತುಮಕೂರಿನ ಲ್ಯಾಬಿಗೆ ಕೊಡೋಣ. ಗಡಸುತನ, ಕ್ಷಾರತೆ, ಟಿಡಿಎಸ್, ಕಬ್ಬಿಣ, ಈ ನಾಲ್ಕು ಸಾಕು. ಗಡಸುತನ ಲೀಟರಿಗೆ 400 ಮಿಲಿಗ್ರಾಂ ದಾಟಿದ್ದರೆ ಸೆಲ್ಲಿನ ತಗಡುಗಳ ಮೇಲೆ ಸುಣ್ಣದ ಹೊಪ್ಪಳೆ ಕಟ್ಟುವುದು ಖಂಡಿತ. ಒಳ್ಳೆಯ ಮಿಷನ್ನುಗಳು ಕೆಲವು ಗಂಟೆಗೊಮ್ಮೆ ಕರೆಂಟಿನ ದಿಕ್ಕು ತಿರುಗಿಸಿ ತಾವೇ ಆ ಹೊಪ್ಪಳೆ ಉದುರಿಸಿಕೊಳ್ಳುತ್ತವೆ. ಕೊಟೇಶನ್ನಿನಲ್ಲಿ ‘ಸೆಲ್ಫ್ ಕ್ಲೀನಿಂಗ್’ ಎಂದು ಬರೆದಿರುವುದು ಇದನ್ನೇ. ಆ ಮಾತು ಇಲ್ಲದ ಕೊಟೇಶನ್ನನ್ನು ಹರಿದು ಹಾಕು, ನಮ್ಮ ನೀರಿಗೆ ಅದು ಆಗದು.

ಆದರೆ ಬೋರಿನ ನೀರನ್ನೇ ಯಾಕೆ ತುಂಬಬೇಕು? ನಿಮ್ಮ ಮನೆ ತಾರಸಿ 150 ಚದರ ಮೀಟರ್ ಇದ್ದೀತು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಕೈಹಿಡಿದೇ ಲೆಕ್ಕ ಹಾಕು, 90,000 ಲೀಟರ್ ಬೀಳುತ್ತೆ. ಅಲ್ಲಿ ಇಲ್ಲಿ ಹೋದದ್ದು ಹೋಗಿ 70,000 ಕೈಗೆ ಸಿಗುತ್ತೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ನಿನ್ನ ಕೊಳ ಹಿಡಿಯುವುದು 40,000. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆರಿಹೋಯಿತು ಎಂದರೆ 160 ಲೀಟರ್, ನಾಲ್ಕು ತಿಂಗಳಿಗೆ 19,000ದಷ್ಟು. ನೀರು ಆರುತ್ತೆ, ಸುಣ್ಣ ಆರುವುದಿಲ್ಲ. ಆರಿದಷ್ಟನ್ನು ಬೋರಿನಿಂದ ತುಂಬುತ್ತಾ ಹೋದರೆ ವರ್ಷ ವರ್ಷಕ್ಕೂ ಗಡಸುತನ ಮೆಟ್ಟಿಲು ಹತ್ತಿದಂತೆ ಏರುತ್ತೆ. ಒಂದು ಸಂಪು ಕಟ್ಟಿಸಿ ತಾರಸಿಯ ನೀರು ಹಿಡಿದಿಟ್ಟುಕೊಂಡರೆ ತುಂಬುವುದಕ್ಕೂ ಆಯಿತು, ಆರಿದ್ದನ್ನು ಸರಿದೂಗಿಸುವುದಕ್ಕೂ ಆಯಿತು. ಪಂಪು, ಮಿಷನ್ನುಗಳಿಗಿಂತ ಮೊದಲು ಆ ಸಂಪಿನ ಗುಂಡಿ ತೆಗೆಸು.

ಮಳೆ ಎಂದಾಗ ನೆನಪಾಯಿತು. ಕೊಳಕ್ಕೆ ಕೋಡಿ ಇದೆಯೋ ಕೇಳಿದೆಯಾ? ಡ್ರಾಯಿಂಗಿನಲ್ಲಿ ನನಗೆ ಕಾಣಲಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಮಾರ್ಕೋನಹಳ್ಳಿ ಇದೆ. ಶಿಂಷೆ ತುಂಬಿದಾಗ ಗೇಟು ಎತ್ತುವವನಿಗೆ ಕಾಯದೆ ಸೈಫನ್ನುಗಳು ತಾವೇ ನೀರು ಹೊರಗೆ ಹಾಕುವ ಅಣೆಕಟ್ಟು. ಮಹಾರಾಜರ ಕಾಲದ ಎಂಜಿನಿಯರುಗಳಿಗೆ ಇದ್ದ ಮುಂದಾಲೋಚನೆ ಇವತ್ತಿನ ಪೂಲ್ ಕಂಟ್ರಾಕ್ಟರಿಗೆ ಇರಬಾರದೇ? 2022ರಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದ ಮಳೆ ನೋಡಿದ್ದೀಯಲ್ಲ. ಅಂಚಿನಿಂದ ಒಂದು ಗೇಣು ಕೆಳಗೆ ಒಂದು ಓವರ್‌ಫ್ಲೋ ಪೈಪು ಇರಲೇಬೇಕು. ಅಂಥ ಮಳೆಯ ನಂತರ ಉಪ್ಪು ಅಳೆದು, ಕಡಿಮೆಯಾದಷ್ಟನ್ನು ಹಾಕು. ಉಪ್ಪು ಮಿಕ್ಕಂತೆ ಖರ್ಚಾಗುವುದಿಲ್ಲ, ನೀರಿನ ಜೊತೆ ಹೊರಗೆ ಹೋದರೆ ಮಾತ್ರ ಹೋಯಿತು.

ಉಪ್ಪಿನ ಲೆಕ್ಕ ಸುಲಭ. ಲೀಟರಿಗೆ ಮೂರೂವರೆ ಗ್ರಾಂ ಎಂದರೆ 140 ಕಿಲೋ, 50 ಕಿಲೋ ಚೀಲ ಮೂರಕ್ಕಿಂತ ಸ್ವಲ್ಪ ಕಡಿಮೆ. ಯಾವ ಉಪ್ಪು ಎಂಬುದೇ ಮುಖ್ಯ. ಗೋಕರ್ಣದ ಕಡೆ ಸಾಣಿಕಟ್ಟೆಯ ಉಪ್ಪು ಉಪ್ಪಿನಕಾಯಿಗೆ ಬಂಗಾರ, ನಿನ್ನ ಸೆಲ್ಲಿಗೆ ಶತ್ರು. ಅದರಲ್ಲಿ ಮೆಗ್ನೀಸಿಯಮ್ಮೂ ಮಣ್ಣೂ ಇರುತ್ತವೆ. ಅಡುಗೆಯ ಪುಡಿ ಉಪ್ಪೂ ಬೇಡ, ಗಂಟು ಕಟ್ಟದಿರಲಿ ಎಂದು ಹಾಕಿದ ಪುಡಿ, ಅಯೋಡಿನ್ ಎರಡೂ ಇಲ್ಲಿ ದಂಡ. ವಾಟರ್ ಸಾಫ್ಟನರಿಗೆ ಹಾಕುವ ಶುದ್ಧ ಉಪ್ಪು ಬರುತ್ತೆ, ಅದನ್ನು ತಾ. ಸುತ್ತ ಚೆಲ್ಲಿ ಪಂಪು ಓಡಿಸಿ ಒಂದು ದಿನ ಕರಗಲು ಬಿಡು. ಪೂರ್ತಿ ಕರಗುವವರೆಗೆ ಸೆಲ್ ಆನ್ ಮಾಡಬೇಡ.

ಈಗ ಮಿಷನ್ನಿನ ಅಳತೆ. ನಿನ್ನ ಕೊಳಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಲೀಟರಿಗೆ 3 ಮಿಲಿಗ್ರಾಂ ಕ್ಲೋರಿನ್ ಖರ್ಚು ಎಂದು ಹಿಡಿ. ಒಟ್ಟು 120 ಗ್ರಾಂ. ಕಂಪನಿಯವರು ‘40,000 ಲೀಟರಿಗೆ’ ಎಂದು ಬರೆದಿರುವ ಮಿಷನ್ನು ಇಷ್ಟನ್ನು ತೆಗೆಯಲು ಇಡೀ ದಿನ ಏದುಸಿರು ಬಿಡುತ್ತೆ. ಪೆಟ್ಟಿಗೆಯ ಮೇಲಿನ ಲೀಟರ್ ನೋಡಬೇಡ, ಗಂಟೆಗೆ ಎಷ್ಟು ಗ್ರಾಂ ಎಂದು ಕೇಳು. 25 ಗ್ರಾಮಿನದು ತೆಗೆದುಕೊಂಡು ಅರ್ಧದಲ್ಲಿ ಇಡು. ಹತ್ತು ಗಂಟೆ ಪಂಪು ಓಡಿದರೆ 125 ಗ್ರಾಂ ಬಂತು. ಅರ್ಧ ಎಂದರೆ ಹತ್ತು ಗಂಟೆಯಲ್ಲಿ ಐದು ಗಂಟೆ ಮಾತ್ರ ತಗಡಿಗೆ ಕರೆಂಟು. ಸೆಲ್ಲಿನ ಆಯುಸ್ಸನ್ನು ಇಂಥ ಗಂಟೆಗಳಲ್ಲೇ ಎಣಿಸುತ್ತಾರೆ. 10,000 ಗಂಟೆಯದು ಎಂದರೆ ಐದೂವರೆ ವರ್ಷ. ಚಿಕ್ಕ ಸೆಲ್ ತೆಗೆದುಕೊಂಡು ನೂರಕ್ಕೆ ನೂರು ದುಡಿಸಿದರೆ ಅದರ ಅರ್ಧಕ್ಕೇ ಹೊಸದು ಬೇಕು. ಎತ್ತು ದೊಡ್ಡದಿರಲಿ, ಹೊರೆ ಚಿಕ್ಕದಿರಲಿ. ಮತ್ತೆ ಸೆಲ್ ಬದಲಾಯಿಸುವಾಗ ಬಿಡಿಯಾಗಿ ಸಿಗುತ್ತದೆಯೇ, ಯಾರು ತಂದುಕೊಡುತ್ತಾರೆ, ಇದನ್ನು ಬರವಣಿಗೆಯಲ್ಲಿ ತೆಗೆದುಕೋ. ಮಿಷನ್ನು ಕೊಳ್ಳುವಾಗ ದಿನಕ್ಕೆ ನಾಲ್ಕು ಸಲ ಫೋನ್ ಮಾಡುವವರು ಸೆಲ್ ಹೋದಾಗ ಫೋನ್ ಎತ್ತುವುದಿಲ್ಲ.

ಪಂಪಿನ ವಿಷಯಕ್ಕೆ ಬಂದರೆ ನನಗೆ ನಗು. ಮೂವರಲ್ಲಿ ಇಬ್ಬರು 2 ಹೆಚ್‌ಪಿ ಬರೆದಿದ್ದಾರೆ. ಕುದುರೆ ಫಾರಂ ಇರುವ ಊರಿಗೆ ಒಂದೇ ಕುದುರೆ ಸಾಲದು ಎಂದುಕೊಂಡರೋ ಏನೋ! 1 ಹೆಚ್‌ಪಿ ಪಂಪು ಗಂಟೆಗೆ 12,000 ಲೀಟರ್ ಸಾಗಿಸುತ್ತದೆ ಎಂದುಕೊಳ್ಳೋಣ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಿನ್ನ ಇಡೀ ಕೊಳ ಫಿಲ್ಟರಿನಿಂದ ಒಂದು ಸುತ್ತು ಬಂತು. ಆದರೆ ಸೆಲ್ ಕ್ಲೋರಿನ್ ಮಾಡುವುದು ನೀರು ಹರಿಯುತ್ತಿರುವಾಗ ಮಾತ್ರ, ಆದ್ದರಿಂದ ಎಂಟು ಹತ್ತು ಗಂಟೆ ಓಡಿಸಲೇಬೇಕು. ಇಲ್ಲಿ ಅಕ್ಕನ ಬಿಲ್ಲು ಬರುತ್ತೆ. ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್, ದಿನಕ್ಕೆ ಎಂಟು, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 2023ರಿಂದ ಅಕ್ಕನಿಗೆ ಸೊನ್ನೆ ಬಿಲ್ಲು ಬರುತ್ತಿದೆ, ಅದನ್ನು ಎಲ್ಲರಿಗೂ ತೋರಿಸುತ್ತಾಳೆ ನೋಡು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ಬರೀ ಹೆಚ್ಚಾದದ್ದನ್ನಲ್ಲ. ಮೊದಲ ಬಿಲ್ಲು ಬಂದ ದಿನ ನಿನ್ನ ಕೊಳದಲ್ಲಿ ನೀರಿರುತ್ತೋ ಮಣ್ಣಿರುತ್ತೋ ನಾನು ಹೇಳಲಾರೆ.

ದಾರಿ ಇದೆ. ವೇರಿಯಬಲ್ ಸ್ಪೀಡ್ ಪಂಪು ತೆಗೆದುಕೋ. ವೇಗ ಅರ್ಧ ಮಾಡಿದರೆ ನೀರೂ ಅರ್ಧ ಆಗುತ್ತೆ, ಆದರೆ ಕರೆಂಟು ಲೆಕ್ಕದ ಪ್ರಕಾರ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಲೆಕ್ಕದಷ್ಟು ಕೈಗೆ ಸಿಗದು, ಐದರಲ್ಲಿ ಒಂದು ಎಂದುಕೋ. ಆಗ ಹತ್ತು ಗಂಟೆಗೆ 60,000 ಲೀಟರ್ ಸಾಗಿತು, ಅಂದರೆ ಒಂದೂವರೆ ಸುತ್ತು. ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ನಿಧಾನಕ್ಕೆ ಹೋಗುವ ನೀರನ್ನು ಫಿಲ್ಟರೂ ಚೆನ್ನಾಗಿ ಸೋಸುತ್ತೆ, ಸದ್ದೂ ಇಲ್ಲ. ತಳ ಗುಡಿಸುವ ದಿನ ಮಾತ್ರ ಒಂದು ಗಂಟೆ ಪೂರ್ತಿ ವೇಗ. ಎಚ್ಚರ ಒಂದೇ, ಸೆಲ್ಲಿಗೆ ಇಂತಿಷ್ಟು ಹರಿವು ಬೇಕು ಎಂಬ ಮಿತಿ ಇರುತ್ತೆ. ಅದಕ್ಕಿಂತ ಕೆಳಗೆ ಇಳಿದರೆ ಒಳಗಿನ ಫ್ಲೋ ಸ್ವಿಚ್ ಮಿಷನ್ನನ್ನು ನಿಲ್ಲಿಸುತ್ತೆ. ಆ ಸ್ವಿಚ್ಚನ್ನು ಬೈಪಾಸ್ ಮಾಡಿಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನನ್ನು ಗೇಟಿನ ಹೊರಗೆ ಕಳಿಸು. ನೀರು ನಿಂತ ಕೊಳವೆಯಲ್ಲಿ ಹೈಡ್ರೋಜನ್ ತುಂಬಿಕೊಂಡರೆ ಸಿಡಿಯುತ್ತೆ.

ಇನ್ನೊಂದು ಮಾತು ಮೆಲ್ಲಗೆ ಹೇಳುತ್ತೇನೆ. ಪಂಪ್‌ಸೆಟ್ಟಿನ ಲೈನಿನಿಂದ ಒಂದು ವೈರು ಎಳೆದುಕೊಳ್ಳೋಣ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. 10 ಹೆಚ್‌ಪಿವರೆಗೆ ಪುಕ್ಕಟೆ ಕೊಟ್ಟಿರುವುದು ಬೆಳೆಗೆ. ಬೆಸ್ಕಾಂನವರು ಹಿಡಿಯುತ್ತಾರೋ ಇಲ್ಲವೋ, ಪಕ್ಕದ ತೋಟದವನು ನೋಡುತ್ತಾನೆ. ಅದೂ ಅಲ್ಲದೆ ಆ ತ್ರೀ ಫೇಸ್ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ನಡುರಾತ್ರಿ. ಅದನ್ನು ನಂಬಿ ವೇಳಾಪಟ್ಟಿ ಮಾಡುವುದಾದರೂ ಹೇಗೆ?

ಪಂಪು ಓಡಿಸುವ ವೇಳೆ ಯಾವುದು ಎಂದು ನೀನು ಕೇಳಿದ್ದೆಯಲ್ಲ. ಬೆಳಿಗ್ಗೆ 6ರಿಂದ 11, ಸಂಜೆ 4ರಿಂದ 9. ಬೆಳಗಿನ ಪಾಳಿಯಲ್ಲಿ ರಾತ್ರಿ ಬಿದ್ದ ತೆಂಗಿನ ಹೊಂಬಾಳೆಯ ಹೂವು, ಎಲೆ ಎಲ್ಲ ಸ್ಕಿಮ್ಮರಿಗೆ ಬಂದು ಸೇರುತ್ತವೆ. ಸಂಜೆಯದು ಮಕ್ಕಳು ಇಳಿದಿರುವಾಗಲೂ, ಎದ್ದು ಹೋದ ಮೇಲೂ ಓಡಬೇಕು, ಕೊಳೆ ಬಿಡುವುದು ಆಗಲೇ. ಮುಂದೆ ತಾರಸಿಗೆ ಸೋಲಾರ್ ಹಾಕಿಸಿದೆಯಾದರೆ ಪಟ್ಟಿ ಬದಲಾಯಿಸಿ ಬೆಳಿಗ್ಗೆ 8ರಿಂದ ಸಂಜೆ 6 ಮಾಡಿಕೋ. ಪಾವಗಡದಲ್ಲಿ 2,050 ಮೆಗಾವಾಟ್ ಮಾಡುವ ಬಿಸಿಲು ಕುಣಿಗಲ್ಲಿನ ಒಂದು ಪಂಪಿಗೆ ಸಾಲದೇ? ನೀವು ಬೆಂಗಳೂರಿನಿಂದ ಬರುವುದು ಶನಿವಾರ ಭಾನುವಾರ ಮಾತ್ರ ತಾನೇ. ವಾರದ ದಿನ ಸೆಲ್ಲನ್ನು ಶೇಕಡಾ 30ಕ್ಕೆ ಇಳಿಸಿ, ಶುಕ್ರವಾರ 60ಕ್ಕೆ ಏರಿಸಲು ಅಕ್ಕನಿಗೆ ತೋರಿಸಿಕೊಡು. ರಿಮೋಟಿನಲ್ಲಿ ಮೂರು ಸೀರಿಯಲ್ ತಿರುಗಿಸುವವಳಿಗೆ ಇದೇನು ಕಷ್ಟ. ಟೈಮರು ಕೊಳ್ಳುವಾಗ ಬ್ಯಾಟರಿ ಇರುವುದನ್ನೇ ತಾ. ಮುಳ್ಳು ತಿರುಗುವ ಹಳೇ ಟೈಮರುಗಳು ಕರೆಂಟು ಹೋದಾಗ ತಾವೂ ನಿಂತುಬಿಡುತ್ತವೆ. ದಿನಕ್ಕೆ ಒಂದು ಗಂಟೆ ಹೋದರೂ ವಾರದಲ್ಲಿ ಬೆಳಿಗ್ಗೆ ಆರು ಮಧ್ಯಾಹ್ನ ಒಂದಾಗಿರುತ್ತೆ.

ಬಿಸಿಲು ಕ್ಲೋರಿನ್ನನ್ನು ತಿನ್ನುತ್ತೆ. ಏನೂ ರಕ್ಷಣೆ ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧ ಮಾಯ. ಅದಕ್ಕೇ ಸ್ಟೆಬಿಲೈಸರ್ ಹಾಕುವುದು. ಅಂಗಡಿಯಲ್ಲಿ ಬರೀ ಸ್ಟೆಬಿಲೈಸರ್ ಎಂದರೆ ಫ್ರಿಜ್ಜಿಗೆ ಹಾಕುವ ಡಬ್ಬಿ ತಂದು ಮುಂದಿಡುತ್ತಾರೆ, ನಾನು ಮೇಲೆ ಬೈದ ಸಯನ್ಯೂರಿಕ್ ಆಸಿಡ್ ಎಂದೇ ಹೆಸರು ಹಿಡಿದು ಕೇಳು. ಮಿತಿಯಲ್ಲಿದ್ದರೆ ಅದು ಛತ್ರಿ, ಮೀರಿದರೆ ಸಂಕೋಲೆ. ನಿನ್ನ ಕೊಳಕ್ಕೆ ಎರಡೂವರೆ ಕಿಲೋ, ಒಂದೇ ಸಲ. ಹಳೇ ಕಾಲುಚೀಲದಲ್ಲಿ ಕಟ್ಟಿ ನೀರು ಬರುವ ಬಾಯಿಗೆ ತೂಗುಬಿಟ್ಟರೆ ನಿಧಾನಕ್ಕೆ ಕರಗುತ್ತೆ. ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಂ ಆಸುಪಾಸಿನಲ್ಲಿ ಇಟ್ಟುಕೋ. ಕೊಳದ ಹತ್ತಿರ ಮೂಗಿಗೆ ಘಾಟು ಹೊಡೆದರೆ ಕ್ಲೋರಿನ್ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಹೆಚ್ಚಾಗಿ ಉಲ್ಟಾ. ಬೆವರಿನ ಜೊತೆ ಸೇರಿ ಹಳಸಿದ ಕ್ಲೋರಿನ್ನಿನ ವಾಸನೆ ಅದು, ಹೊಸದು ಸಾಲುತ್ತಿಲ್ಲ ಎಂದರ್ಥ. ಇಳಿಯುವ ಮೊದಲು ಮೈ ತೊಳೆದುಕೊಳ್ಳಲು ಒಂದು ನಲ್ಲಿ ಇಡಿಸು.

ಉಪ್ಪಿನ ಮಿಷನ್ನಿನ ಒಂದು ದುರ್ಗುಣವೂ ಹೇಳಬೇಕು. ಅದು ಓಡಿದಂತೆಲ್ಲ ನೀರಿನ ಪಿಹೆಚ್ ಮೇಲೇರುತ್ತೆ, ಕ್ಷಾರದ ಬೋರ್ ನೀರಿನಲ್ಲಿ ಇನ್ನೂ ಬೇಗ. 7.8 ದಾಟಿದರೆ ಸುಣ್ಣ ಕೂರಲು ಶುರು. ವಾರಕ್ಕೊಮ್ಮೆ ಅಳೆದು ಸ್ವಲ್ಪ ಆಸಿಡ್, ಆ ಸಯನ್ಯೂರಿಕ್ ಅಲ್ಲ, ಕ್ಯಾನಿನಲ್ಲಿ ಬರುವಂಥದ್ದು, ಹಾಕಿ 7.4, 7.5ಕ್ಕೆ ಇಳಿಸುತ್ತಿರಬೇಕು. ಆಸಿಡ್ಡನ್ನು ನೀರಿಗೆ ಹಾಕು, ನೀರನ್ನು ಆಸಿಡ್ಡಿಗೆ ಹಾಕಬೇಡ, ಇದು ಶಾಲೆಯಲ್ಲೇ ಕಲಿತಿದ್ದೀಯ. ಶಾಲೆಯಲ್ಲಿ ಹೇಳದ ಒಂದು ವಿಷಯ ನನ್ನ ಕಡೆಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಸಿಡ್ ಕ್ಯಾನು, ಬ್ಲೀಚಿಂಗ್ ಪೌಡರ್ ಚೀಲ ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟು ಬೀಗ ಹಾಕಿಕೊಂಡು ಹೋಗಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಬೀಗ ತುಕ್ಕು ಹಿಡಿದು ಒಡೆಯಬೇಕಾಯಿತು. ಒಳಗೆ ಸ್ವಿಚ್ ಬೋರ್ಡು ಹಸಿರುಗಟ್ಟಿತ್ತು, ಕ್ಯಾನಿನ ಮುಚ್ಚಳ ಸಡಿಲವಿತ್ತು. ಬಾಗಿಲು ತೆಗೆದ ಘಾಟಿಗೆ ಎರಡು ದಿನ ಎದೆ ಹಿಡಿದುಕೊಂಡಿತು. ಆ ಎರಡೂ ಬೆರೆತಿದ್ದರೆ ಈ ಮಾತು ಹೇಳಲು ನಾನಿರುತ್ತಿರಲಿಲ್ಲ. ನಿನ್ನ ಪಂಪ್ ರೂಮಿನಲ್ಲಿ ಕಂಟ್ರೋಲರ್ ಇರುವ ಗೋಡೆಯ ಹತ್ತಿರ ಆಸಿಡ್ ಕ್ಯಾನು ಕಾಣಿಸಬಾರದು.

ಫಿಲ್ಟರಿಗೆ ಮರಳಿನ ಟ್ಯಾಂಕ್ ಬರೆದಿದ್ದಾರೆ. ಅದನ್ನು ತೊಳೆಯುವುದೆಂದರೆ ಉಲ್ಟಾ ನೀರು ಬಿಡುವುದು, ಎರಡೂವರೆ ನಿಮಿಷಕ್ಕೆ 500 ಲೀಟರ್ ಹೊರಗೆ. ಅದರ ಜೊತೆ ಒಂದೂಮುಕ್ಕಾಲು ಕಿಲೋ ಉಪ್ಪು. ಎಲ್ಲಿಗೆ ಹೋಗುತ್ತೆ? ಡ್ರಾಯಿಂಗಿನಲ್ಲಿ ಬಾಣದ ಗುರುತು ಅಡಿಕೆ ತೋಟದ ಕಡೆ ಇದೆ! ತೆಂಗಿಗೆ ಉಪ್ಪು ಅಷ್ಟು ಕೇಡಲ್ಲ, ಸಸಿ ನೆಡುವಾಗ ನಮ್ಮಪ್ಪ ಗುಂಡಿಗೆ ಉಪ್ಪು ಹಾಕಿಸುತ್ತಿದ್ದರು. ಅಡಿಕೆ, ಬಾಳೆ ತಡೆಯುವುದಿಲ್ಲ, ಎಲೆಯ ಅಂಚು ಸುಟ್ಟುಹೋಗುತ್ತೆ. ನಿನ್ನಷ್ಟು ಚಿಕ್ಕ ಕೊಳಕ್ಕೆ ಕಾರ್ಟ್ರಿಜ್ ಫಿಲ್ಟರೇ ಸಾಕು ಎಂಬುದು ನನ್ನ ಅಭಿಪ್ರಾಯ, ಹೊರಗೆ ತೆಗೆದು ಪೈಪು ಹಿಡಿದು ತೊಳೆದರೆ ಆಯಿತು. ಮರಳೇ ಇರಲಿ ಎಂದಾದರೆ ಒತ್ತಡದ ಮುಳ್ಳು 8–10 ಪಿಎಸ್‌ಐ ಏರಿದಾಗ ಮಾತ್ರ ತೊಳೆ. ಆ ನೀರನ್ನು ತೆಂಗಿನ ಸಾಲಿಗೆ, ಪ್ರತಿ ಸಲ ಬೇರೆ ಬೇರೆ ಮರಕ್ಕೆ ತಿರುಗಿಸು. ಏಣಿ, ಕಂಬಿ ಎಲ್ಲ 316 ಸ್ಟೀಲ್ ಇರಲಿ, 304ಕ್ಕೆ ಉಪ್ಪುನೀರಿನಲ್ಲಿ ಚುಕ್ಕೆ ಬರುತ್ತೆ. ಅಂಚಿಗೆ ಪದರ ಬಿಡುವ ಕಲ್ಲು ಹಾಕಿಸಬೇಡ, ಗ್ರಾನೈಟ್ ಹಾಕಿಸು.

ಪಂಪಿಗೂ ಮಿಷನ್ನಿಗೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಬೇರೆಯದೇ ಅರ್ಥಿಂಗ್ ಗುಂಡಿ. ಇದರಲ್ಲಿ ಚೌಕಾಸಿ ಬೇಡ. ಸುತ್ತ ನಾಲ್ಕಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು, ಚಿಲಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ನೀವು ಬೆಂಗಳೂರಿನಲ್ಲಿದ್ದಾಗ ತೋಟದ ಕೆಲಸದವರ ಮಕ್ಕಳೂ ಅಲ್ಲೇ ಓಡಾಡುತ್ತವೆ.

ನೀರಿನ ಬಾಟಲಿ ಸೋಮವಾರ ಕೊಟ್ಟು ಕಳಿಸು, ಲ್ಯಾಬಿಗೆ ನಾನೇ ಮುಟ್ಟಿಸುತ್ತೇನೆ. ಗುಬ್ಬಿ ಮನೆಯ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಇವೆ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತವೆ. ಮೊಮ್ಮಗಳ ಬೆನ್ನಿಗೆ ಕಟ್ಟಲು ಸಮನಾದ ಎರಡನ್ನು ಆರಿಸಿ ಪಕ್ಕಕ್ಕೆ ಇಟ್ಟಿದ್ದೇನೆ.